ಇನ್ನೊಬ್ಬರ ಎಲೆ ಮಡಿಸುವ ಜನ

ಹೋದ ಭಾನುವಾರ ಬಸವನಗುಡಿಯ ಒಂದು ಕಲ್ಯಾಣ ಮಂಟಪದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಊಟ ಮಾಡುತ್ತಿದ್ದಳು. ಅವಳಿನ್ನೂ ಊಟ ಮಾಡುತ್ತಿರುವಾಗಲೇ, ಅವಳ ಕಣ್ಣೆದುರಿಗೇ, ಅವಳ ಎಲೆಯನ್ನು ಮಡಿಸಿಬಿಟ್ಟರು.

ಎಲೆಯಲ್ಲಿ ಸಾರನ್ನ ಹಾಗೇ ಇತ್ತು. ಮೊಸರು ಬಡಿಸುವವರು ಯಾವಾಗ ಬರುತ್ತಾರೆ ಎಂದು ಅವಳು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಮೊಸರಿಗಿಂತ ಮೊದಲು ಅವಳ ಸೋದರತ್ತೆಯ ಕೈ ಬಂತು. "ಸಾಕು ಬಿಡು ಕಂದ, ಎಷ್ಟು ಹೊತ್ತಾಯ್ತು ನೋಡು" ಎಂದು ಅವರು ಎಲೆಯನ್ನು ಅರ್ಧಕ್ಕೆ ಮಡಿಸಿದರು. ಬೈಯಲಿಲ್ಲ, ಗದರಲಿಲ್ಲ. ತುಂಬಾ ಪ್ರೀತಿಯಿಂದ ಮಡಿಸಿದರು.

ಮದುವೆ ಮನೆಯಲ್ಲಿ ಇದೂ ಒಂದು ವಿಷಯವಾ ಎಂದು ನೀವು ಕೇಳಬಹುದು. ಅಲ್ಲಿ ಸುಮಾರು ಜನ ಕೇಳಿದರು. ನನಗಂತೂ ಅವತ್ತಿನಿಂದ ಸರಿಯಾಗಿ ಊಟ ಸೇರುತ್ತಿಲ್ಲ. ಈ ವಾರ ಮಕ್ಕಳ ಸ್ಕೂಲ್ ಬ್ಯಾಗ್ ಬಗ್ಗೆ ಬರೆಯುತ್ತೇನೆ ಎಂದು ಸಂಪಾದಕರಿಗೆ ಹೇಳಿದ್ದೆ. ಬ್ಯಾಗು ಎಲ್ಲಿಗೂ ಓಡಿಹೋಗುವುದಿಲ್ಲ, ಕಾಯಲಿ.

ಈ ಅಂಕಣಕ್ಕೆ ಹೊಸಬರಾದವರಿಗೆ ಒಂದು ಮಾತು. ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಹೀಗೆಂದ ತಕ್ಷಣ ಎದುರಿಗಿರುವವರು ಹುಬ್ಬೇರಿಸುತ್ತಾರೆ. "ಮಕ್ಕಳಿಗೆ ಎಂಥಾ ಆಕ್ಯುಪೇಷನ್ನು ಮೇಡಂ?" ಇದೆ ಸ್ವಾಮಿ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಹಲ್ಲುಜ್ಜುವುದು, ಪೆನ್ಸಿಲ್ ಹಿಡಿಯುವುದು, ಜಾರುಬಂಡೆಯ ಮೆಟ್ಟಿಲು ಹತ್ತುವುದು, ತಟ್ಟೆಯಲ್ಲಿರುವ ಅನ್ನವನ್ನು ಬಾಯಿಗೆ ಮುಟ್ಟಿಸುವುದು. ಅದೇ ಅವರ ಉದ್ಯೋಗ. ಕೆಲವು ಮಕ್ಕಳಿಗೆ ಇವು ತಾನಾಗಿ ಬರುವುದಿಲ್ಲ, ಪಕ್ಕದಲ್ಲಿ ಕೂತು ಕಲಿಸಬೇಕಾಗುತ್ತದೆ. ಅದು ನನ್ನ ಉದ್ಯೋಗ. (ನನ್ನ ತಾಯಿ ನೆಂಟರಿಗೆ "ನಮ್ಮ ಮಗಳು ಡಾಕ್ಟರ್ ಥರಾನೇ" ಎಂದು ಪರಿಚಯ ಮಾಡಿಸುತ್ತಾರೆ. ಆ 'ಥರಾನೇ'ಯಲ್ಲೇ ನಾನು ಇಷ್ಟು ವರ್ಷ ಸಂಸಾರ ಮಾಡಿಕೊಂಡು ಬಂದಿದ್ದೇನೆ.)

ಆ ಹುಡುಗಿಯನ್ನು ಮೈತ್ರಿ ಎನ್ನೋಣ. ಅವಳ ತಾಯಿಯನ್ನು ಸವಿತಾ ಎನ್ನೋಣ, ಎಲೆ ಮಡಿಸಿದ ಸೋದರತ್ತೆಯನ್ನು ವಸುಧಾ ಎನ್ನೋಣ. ಹೆಸರುಗಳಷ್ಟೇ ಬೇರೆ. ಇದನ್ನು ಮೊದಲು ಸವಿತಾಗೆ ಓದಲು ಕೊಟ್ಟೆ. "ಹಾಕಿ ಮೇಡಂ, ಒಂದಕ್ಷರಾನೂ ತೆಗೀಬೇಡಿ" ಎಂದಮೇಲೆಯೇ ಅಚ್ಚಿಗೆ ಕಳಿಸಿದ್ದೇನೆ.

ಮೈತ್ರಿ ಚೂಟಿ ಹುಡುಗಿ. ಮಾತಿನಲ್ಲಿ ನಮ್ಮನ್ನೆಲ್ಲ ಮಾರಿ ಬರುತ್ತಾಳೆ. ಆದರೆ ಅವಳ ಕೈ ಅವಳ ಮಾತು ಕೇಳುವುದಿಲ್ಲ. ಬೆರಳುಗಳು ಒಟ್ಟಿಗೆ ಸೇರಿ ತುತ್ತು ಕಟ್ಟುವಷ್ಟರಲ್ಲಿ ಅರ್ಧ ಅನ್ನ ಉದುರಿರುತ್ತದೆ. ಜೊತೆಗೆ ಒದ್ದೆ, ಅಂಟು ಯಾವುದೂ ಅವಳ ಬೆರಳಿಗೆ ಆಗುವುದಿಲ್ಲ. ನಮಗೆ ಬರೀ ಅಂಟು ಅನ್ನಿಸುವುದು ಅವಳಿಗೆ ಮೈಯೆಲ್ಲ ಮುಳ್ಳು ಹತ್ತಿದಂತೆ ಆಗುತ್ತದೆ. ಸೊಕ್ಕಲ್ಲ, ಹಟವಲ್ಲ, ಮುದ್ದು ಜಾಸ್ತಿಯಾಗಿ ಕೆಟ್ಟಿದ್ದೂ ಅಲ್ಲ. ಇದನ್ನು ನಾನು ಎಷ್ಟು ಜನ ನೆಂಟರಿಗೆ ಹೇಳಿದ್ದೇನೋ, ಅಷ್ಟೂ ಜನ ತಲೆಯಾಡಿಸಿ, ಆಮೇಲೆ "ಎರಡು ಬಿಟ್ರೆ ಸರಿಹೋಗುತ್ತೆ" ಎಂದಿದ್ದಾರೆ.

ಮಗು ಮೊದಲ ಸಲ ಬಂದಾಗ ಮನೆಯವರಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಮಗುವಿಗೆ ಏನು ಬರಬೇಕು ಅಂತ ನಿಮ್ಮ ಆಸೆ? ಸವಿತಾ "ಹ್ಯಾಂಡ್‌ರೈಟಿಂಗ್" ಎಂದರು. (ಎಲ್ಲರೂ ಹೇಳುವುದು ಅದನ್ನೇ. ನಮ್ಮ ಚಾಮರಾಜಪೇಟೆಯಲ್ಲಿ ಮಗು ನಿಲ್ಲಲು ಕಲಿಯುವ ಮೊದಲೇ ಅಕ್ಷರ ದುಂಡಗಿರಬೇಕು.) ಅಜ್ಜಿ "ಅವಳ ಜಡೆ ಅವಳೇ ಹೆಣ್ಕೊಳ್ಳೋ ಹಾಗಾದ್ರೆ ಸಾಕಮ್ಮ" ಎಂದರು. ಅಪ್ಪ ಫೋನ್ ನೋಡುತ್ತಾ "ಓವರಾಲ್ ಕಾನ್ಫಿಡೆನ್ಸ್" ಎಂದರು. ಕೊನೆಗೆ ನಾನು ಮೈತ್ರಿಯನ್ನೇ ಕೇಳಿದೆ. ಅವಳು ಯೋಚನೆಯನ್ನೇ ಮಾಡಲಿಲ್ಲ.

"ನಂಗೆ ಪಂಕ್ತೀಲಿ ಕೂತ್ಕೋಬೇಕು."

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮದುವೆ, ಮುಂಜಿ, ಸೀಮಂತ, ಏನೇ ಇರಲಿ, ಅಜ್ಜಿ ಅವಳನ್ನು ಹೆಣ್ಣಿನ ಕಡೆಯವರ ರೂಮಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಸೂಟ್‌ಕೇಸು, ಹೂವಿನ ಬುಟ್ಟಿ, ಯಾರದ್ದೋ ಬದಲಿಸಿ ಬಿಸಾಕಿದ ಸೀರೆಗಳ ನಡುವೆ ಸ್ಟೀಲ್ ತಟ್ಟೆಯಲ್ಲಿ ಕಲಸಿ ತಿನ್ನಿಸುತ್ತಾರೆ. ಆಮೇಲೆ "ಹೋಗು, ಆಟ ಆಡ್ಕೋ." ಯಾರ ಜೊತೆ ಆಡುವುದು? ಅವಳ ವಾರಗೆಯ ಮಕ್ಕಳೆಲ್ಲ ಅಷ್ಟು ಹೊತ್ತಿಗೆ ಪಂಕ್ತಿಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು, ಯಾರ ಹಪ್ಪಳ ದೊಡ್ಡದು ಎಂದು ಜಗಳ ಆಡುತ್ತಿರುತ್ತಾರೆ. ಇವಳು ಬಾಗಿಲಲ್ಲಿ ನಿಂತು ನೋಡುತ್ತಾಳೆ.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ನನ್ನ ಗುರಿಗಳ ಪಟ್ಟಿಯಲ್ಲಿ ಹ್ಯಾಂಡ್‌ರೈಟಿಂಗನ್ನು ಕೆಳಗೆ ತಳ್ಳಿದೆ.

ಎಲೆ ಊಟವನ್ನು ನೀವು ಸುಲಭ ಎಂದುಕೊಂಡಿದ್ದೀರಾ? ಸುಲಭವಲ್ಲ, ಅಭ್ಯಾಸ ಅಷ್ಟೇ. ನಮ್ಮ ವಿದ್ಯೆಯ ಪುಸ್ತಕಗಳೆಲ್ಲ ಹೊರದೇಶದವು. ಫೋರ್ಕ್ ಹಿಡಿಯುವುದು, ಚಾಕುವಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವುದು, ಇದಕ್ಕೆಲ್ಲ ಅವುಗಳಲ್ಲಿ ಅಧ್ಯಾಯಗಟ್ಟಲೆ ವಿವರಣೆ ಇದೆ. ಬಾಳೆ ಎಲೆಯ ಮೇಲೆ ತಿಳಿಸಾರು ಕಲಸುವುದು ಹೇಗೆ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ತಟ್ಟೆಗೆ ಅಂಚಿದೆ, ಎಲೆಗೆ ಇಲ್ಲ. ಅನ್ನವನ್ನು ಗುಡ್ಡೆ ಮಾಡಬೇಕು. ನಡುವೆ ಗುಂಡಿ ತೋಡಬೇಕು. ಸಾರು ಬೀಳುವಾಗ ಸರಿಯಾದ ಹೊತ್ತಿಗೆ "ಸಾಕು" ಎನ್ನಬೇಕು. ಕಟ್ಟೆ ಒಡೆದು ಸಾರು ಮಡಿಲಿಗೆ ಇಳಿಯುವ ಮೊದಲು ಹೊರಗಿನ ಅನ್ನವನ್ನು ಒಳಗೆ ಎಳೆಯಬೇಕು. ಅದೂ ಬಿಸಿ ಬಿಸಿ. ಅದೂ ಬರಿಗೈಯಲ್ಲಿ.

ಇಷ್ಟೂ ಮಾಡುವಾಗ ಎಡಗೈ ಎಲೆಯ ಅಂಚನ್ನು ಜಾರದಂತೆ ಹಿಡಿದಿರಬೇಕು. ಮೈತ್ರಿಯ ಎಡಗೈ ಮಾತ್ರ ಮದುವೆಗೆ ಬಂದ ಬೀಗರ ಹಾಗೆ ಮಡಿಲಲ್ಲಿ ಸುಮ್ಮನೆ ಕೂತಿರುತ್ತಿತ್ತು. "ಎಡಗೈ, ಪುಟ್ಟಾ" ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಹೇಳಿದಾಗ ಅಂಚು ಹಿಡಿಯುತ್ತಾಳೆ, ಮರುಗಳಿಗೆಗೆ ಕೈ ಮತ್ತೆ ಮಡಿಲಿಗೆ ಬರುತ್ತದೆ. (ಊಟದ ಎಲೆಗೆ ಎಡಗೈ ತಾಗಬಾರದು ಎನ್ನುವ ಮಡಿವಂತರು ಕ್ಷಮಿಸಬೇಕು. ಅಂಚು ಮಾತ್ರ ಎಂದು ಕಟ್ಟುನಿಟ್ಟಾಗಿ ಹೇಳಿಕೊಟ್ಟಿದ್ದೇನೆ.)

ಮೊದಲು ಒಣ ಕಡ್ಲೆಪುರಿ. ಆಮೇಲೆ ಚಿತ್ರಾನ್ನ. ಆಮೇಲೆ ಗಟ್ಟಿ ತೊವ್ವೆ. ಸಾರು ಬಂದಾಗ ಅವಳು ಒಂದು ತುತ್ತಿಗೆ ಒಂದು ಸಲ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸುವ ಬಟ್ಟೆಯನ್ನು ಮೊದಲು ಟೇಬಲ್ಲಿನ ತುದಿಗೆ ಇಟ್ಟೆ, ಆಮೇಲೆ ಕಿಟಕಿಯ ಮೇಲೆ, ಆಮೇಲೆ ಪಕ್ಕದ ಕೋಣೆಯಲ್ಲಿ. ಎದ್ದು ಹೋಗಿ ಒರೆಸಿಕೊಂಡು ಬರುವುದು ಅವಳಿಗೇ ಬೇಸರವಾಗಿ ನಿಂತಿತು. ನಾನು ಗಾಂಧಿಬಜಾರಿನಲ್ಲಿ ಮತ್ತೆ ಮತ್ತೆ ಎಲೆ ಕೊಳ್ಳುವುದನ್ನು ನೋಡಿ ಎಲೆ ಮಾರುವಾಕೆ "ಏನಕ್ಕಾ, ನಿಮ್ಮನೇಲಿ ದಿನಾ ಹಬ್ಬಾನಾ?" ಎಂದು ಕೇಳಿದರು. ಕೆಳಗಿನ ಮಹಡಿಯ ದಂತವೈದ್ಯರು, ತಮ್ಮ ಪೇಷಂಟುಗಳಿಗೆ ಹಲ್ಲು ಕೀಳಿಸಿಕೊಳ್ಳುವ ಹೊತ್ತಿನಲ್ಲಿ ಇಂಗಿನ ಒಗ್ಗರಣೆ ವಾಸನೆ ಬರುತ್ತದೆ ಎಂದು ದೂರಿದರು. ದೂರಲಿ. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಮೈತ್ರಿ ನನ್ನ ಕ್ಲಿನಿಕ್ಕಿನಲ್ಲಿ ಸಾರನ್ನವನ್ನೂ ಉಂಡಳು, ಎಲ್ಲಕ್ಕಿಂತ ಕಷ್ಟವಾದ, ಅಂಟಂಟು ಮೊಸರನ್ನವನ್ನೂ ಉಂಡಳು. ಉಂಡು ಎಲೆ ಮಡಿಸಿದಳು.

ಆ ಮಡಿಸುವುದಿದೆಯಲ್ಲ, ಅದನ್ನು ನಾನು ಕಲಿಸಿರಲಿಲ್ಲ. ಅಜ್ಜಿ ಕಲಿಸಿದ್ದು. "ನಂಗೆ ಸಾಕು, ತೃಪ್ತಿ ಆಯ್ತು ಅಂತ ಬಡ್ಸಿದೋರಿಗೆ ಹೇಳೋದು ಕಣೇ ಅದು" ಎಂದಿದ್ದರಂತೆ. ಮೈತ್ರಿ ಅದನ್ನು ಸಾಮ್ರಾಜ್ಞಿಯ ಹಾಗೆ ನಿಧಾನವಾಗಿ ಮಾಡುತ್ತಿದ್ದಳು.

ಅಷ್ಟಾದ ಮೇಲೆಯೇ ಅವಳ ಅಪ್ಪನ ಚಿಕ್ಕಪ್ಪನ ಮಗಳ ಮದುವೆ ಬಂದದ್ದು. ಸವಿತಾ ನನ್ನನ್ನೂ ಕರೆದರು. "ನೀವು ಬರ್ಲೇಬೇಕು ಮೇಡಂ. ಅವಳು ಎಲೆ ಮೇಲೆ ಊಟ ಮಾಡೋದನ್ನ ಅಲ್ಲಿ ನೋಡಿ." ನಾನು ಪೇಷಂಟುಗಳ ಮನೆಯ ಮದುವೆಗೆ ಹೋಗುವವಳಲ್ಲ. ಈ ಸಲ ರೇಷ್ಮೆ ಸೀರೆ ಉಟ್ಟು ಹೋದೆ.

ಮೊದಲನೇ ಪಂಕ್ತಿ ಹಿರಿಯರದ್ದು. ಎರಡನೆಯದರಲ್ಲಿ ಮೈತ್ರಿ ತನ್ನ ವಾರಗೆಯವರ ಜೊತೆ ಕೂತಳು. ಜರಿ ಲಂಗ, ಮಲ್ಲಿಗೆ. ನಾನು ಎದುರು ಸಾಲಿನಲ್ಲಿ. ಅವಳು ನನ್ನ ಕಡೆ ನೋಡಿ ನಕ್ಕಳು. ಕೋಸಂಬರಿ ಆಯಿತು, ಪಲ್ಯ ಆಯಿತು, ತೊವ್ವೆ ಆಯಿತು. ಹಪ್ಪಳ ಬಂದಾಗ ಪಕ್ಕದ ಹುಡುಗನ ಜೊತೆ ಜಗಳವನ್ನೂ ಆಡಿದಳು. ನೋಡುತ್ತಾ ನನ್ನ ಎಲೆಯಲ್ಲಿ ಏನು ಬಡಿಸಿದರು ಎಂಬುದೇ ನನಗೆ ತಿಳಿಯಲಿಲ್ಲ. ಸಾರಿನವರು ಬಂದರು. ಮೈತ್ರಿ ಅನ್ನದಲ್ಲಿ ಗುಂಡಿ ತೋಡಿ, ಕಣ್ಣು ಕೀಲಿಸಿ ನೋಡುತ್ತಾ, ಗಟ್ಟಿಯಾಗಿ "ಸಾಕು" ಎಂದಳು. ಬಡಿಸುವವರು ನಿಲ್ಲಿಸಿದರು. ಕಟ್ಟೆ ಒಡೆಯಲಿಲ್ಲ.

ಅಷ್ಟರಲ್ಲಿ ಮೂರನೇ ಪಂಕ್ತಿಯವರು ಬಂದು ಹಿಂದೆ ನಿಂತರು.

ನಿಮಗೆಲ್ಲ ಗೊತ್ತು ಈ ದೃಶ್ಯ. ನಮ್ಮ ಬೆಂಗಳೂರಿನ ಮದುವೆ ಊಟದಲ್ಲಿ ಊಟ ಮಾಡುವವರಿಗಿಂತ ಅವರ ಬೆನ್ನ ಹಿಂದೆ ನಿಂತವರೇ ಜಾಸ್ತಿ. ಕುರ್ಚಿಯ ಬೆನ್ನು ಹಿಡಿದು, ನಮ್ಮ ತಲೆಯ ಮೇಲಿಂದ ಬಗ್ಗಿ, ನಮ್ಮ ಎಲೆಯಲ್ಲಿ ಇನ್ನೇನು ಉಳಿದಿದೆ ಎಂದು ಲೆಕ್ಕ ಹಾಕುತ್ತಾ ನಿಲ್ಲುತ್ತಾರೆ. ಹೋಳಿಗೆ ನುಂಗುವಾಗ ಕುತ್ತಿಗೆಗೆ ಅವರ ಉಸಿರು ತಾಗುತ್ತದೆ. ಮೈತ್ರಿಯ ಹಿಂದೆ ನಿಂತ ಸಫಾರಿ ಸೂಟಿನ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜೇಬಿನಿಂದ ಕರ್ಚೀಫು ತೆಗೆದು ಅವಳ ಕುರ್ಚಿಯ ಬೆನ್ನಿಗೆ ಹಾಕಿದರು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ ಸೀಟು ಹಿಡಿಯುತ್ತಾರಲ್ಲ, ಹಾಗೆ. ಬಸ್ಸಿನಲ್ಲಾದರೂ ಖಾಲಿ ಸೀಟಿಗೆ ಹಾಕುತ್ತಾರೆ.

ಮೈತ್ರಿ ತಿರುಗಿ ನೋಡಿದಳು. ಕೈ ನಿಂತಿತು. ಇವಳಂಥ ಮಕ್ಕಳಿಗೆ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂದರೆ ಇಡೀ ಮೈ ಹಿಂದಕ್ಕೇ ಕಿವಿ ಕೊಟ್ಟಿರುತ್ತದೆ. ಬೆರಳಿಗೆ ಗಮನವೇ ಉಳಿಯುವುದಿಲ್ಲ. ಎರಡು ತುತ್ತು ಉದುರಿತು, ಲಂಗದ ಮೇಲೆ ಒಂದಿಷ್ಟು ಸಾರು ಹರಿಯಿತು. "ಅಯ್ಯೋ ಪಾಪ, ಯಾರಾದ್ರೂ ಮಗೂಗೆ ತಿನ್ನಿಸ್ರೀ" ಎಂದು ಕರ್ಚೀಫಿನ ಯಜಮಾನರ ಹೆಂಡತಿ ಇಡೀ ಹಾಲಿಗೆ ಕೇಳುವಂತೆ ಹೇಳಿದರು.

ಎಲ್ಲ ತಿರುಗಿ ನೋಡಿದರು. ವಸುಧಾ ಅವರು ಎದ್ದು ಬಂದರು. ಬಂದವರೇ ಮೈತ್ರಿಯ ಎಲೆಗೆ ಕೈ ಹಾಕಿ ಸಾರನ್ನ ಕಲಸತೊಡಗಿದರು.

ಒಂದು ನಿಮಿಷ ನಿಲ್ಲಿ. ಈ ಮನೆತನದಲ್ಲಿ ಎಂಜಲು ಮುಸುರೆ ಎಂದರೆ ಏನು ಎಂದು ಹೇಳುತ್ತೇನೆ. ಒಬ್ಬರು ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಊಟದ ಎಲೆಯ ಕಡೆಯಿಂದ ಬಡಿಸುವ ಪಾತ್ರೆಗೆ ಒಂದು ಅಗುಳು ಹಾರಿದರೂ ಪಾತ್ರೆ ಬದಲಾಗುತ್ತದೆ. ಗಂಡನ ಎಲೆಯಿಂದ ಹೆಂಡತಿ ಒಂದು ಬೋಂಡ ತೆಗೆದುಕೊಂಡರೂ ಹಿರಿಯರ ಹುಬ್ಬು ಗಂಟಾಗುತ್ತದೆ. ಇನ್ನೊಬ್ಬರು ಉಣ್ಣುತ್ತಿರುವ ಎಲೆಗೆ ಕೈ ಹಾಕುವುದು ಅಲ್ಲಿ ಕನಸಿನಲ್ಲೂ ನಡೆಯದ ಮಾತು. ಆದರೆ ನಿಧಾನವಾಗಿ ಉಣ್ಣುವ ಮಗುವಿನ ಎಲೆಗೆ ಈ ಶಾಸ್ತ್ರ ಯಾವುದೂ ಅನ್ವಯಿಸುವುದಿಲ್ಲ. ಅದಕ್ಕೆ ಯಾರು ಬೇಕಾದರೂ ಕೈ ಹಾಕಬಹುದು. ಏಕೆಂದರೆ ಅದು ಪಾಪದ ಮಗು.

"ಬೇಡಿ, ಅವಳೇ ತಿಂತಾಳೆ" ಎಂದೆ ಎದುರಿನಿಂದ.

"ಪರವಾಗಿಲ್ಲ ಬಿಡಿ, ನಮ್ಮ ಮಗು ತಾನೇ" ಎಂದರು ವಸುಧಾ.

"ಅತ್ತೇ, ನಾನೇ ತಿಂತೀನಿ" ಎಂದಳು ಮೈತ್ರಿ. ಬಾಯಿಗೆ ತುತ್ತು ಬಂದಿದ್ದರಿಂದ ಮಾತು ಅರ್ಧಕ್ಕೇ ನಿಂತಿತು.

ಅತ್ತ ಸಾಲಿನ ತುದಿಯಿಂದ ಎಲೆ ಎತ್ತುವವರು ಟೇಬಲ್ಲಿಗೆ ಹಾಸಿದ್ದ ಕಾಗದವನ್ನು ಎಲೆಗಳ ಸಮೇತ ಸುರುಳಿ ಸುತ್ತಿಕೊಂಡು ಬರುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ, ಅವರನ್ನು ಓಡಿಸುವವರು ಬೇರೆ ಇದ್ದಾರೆ. ಮಕ್ಕಳೆಲ್ಲ ಎದ್ದಿದ್ದರು. ಮೊಸರು ಈ ತುದಿಗೆ ಬರಲೇ ಇಲ್ಲ. ವಸುಧಾ ಒಮ್ಮೆ ಸುರುಳಿಯನ್ನು ನೋಡಿದರು, ಒಮ್ಮೆ ಹಿಂದೆ ನಿಂತವರನ್ನು ನೋಡಿದರು, ಎಲೆ ಮಡಿಸಿದರು.

ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ. "ಅವಳಿನ್ನೂ ಊಟ ಮಾಡ್ತಿದಾಳೆ. ಎಲೆ ಬಿಡಿ." ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ನಾದಸ್ವರದವರು ಕೂಡ ಆಗ ಊಟಕ್ಕೆ ಹೋಗಿದ್ದರಿಂದ ಎಲ್ಲರಿಗೂ ಕೇಳಿಸಿತು. ಯಾರಿವರು ಎಂದು ಒಬ್ಬರು ಕೇಳಿದರು. ಫಿಸಿಯೋಥೆರಪಿ ಅಂತೆ ಎಂದು ಇನ್ನೊಬ್ಬರು ಉತ್ತರಿಸಿದರು. (ಅಲ್ಲ.) ಮದುವೆ ಮನೆಯಲ್ಲಿ ಗಲಾಟೆ ಬೇಡ ಎಂದು ಮತ್ತೊಬ್ಬರು ನನಗೇ ಬುದ್ಧಿ ಹೇಳಿದರು. "ಮೊದಲಿನ ಥರ ರೂಮಲ್ಲೇ ಕೊಟ್ಟಿದ್ರೆ ಆಗ್ತಿತ್ತಪ್ಪ" ಎಂದು ಯಾರೋ ಅಂದರು. ಆ ಮಾತು ಮೈತ್ರಿಯ ಕಿವಿಗೂ ಬಿತ್ತು. ಎಲೆ ಸುರುಳಿಯೊಳಗೆ ಹೋಯಿತು. ಸಫಾರಿ ಸೂಟಿನವರು ಕರ್ಚೀಫು ತೆಗೆದು ಕೂತರು.

ಅವಳನ್ನು ಹುಡುಕಿಕೊಂಡು ಕೈತೊಳೆಯುವ ಕಡೆ ಹೋದೆ. ನಲ್ಲಿಯ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಬಲಗೈಯನ್ನು ಮೈಗೆ ತಾಗದಂತೆ ಎತ್ತಿ ಹಿಡಿದಿದ್ದಳು. ಅದರ ತುಂಬಾ ಸಾರನ್ನ. ಮೊದಲೆಲ್ಲ ಒಂದು ತೊಟ್ಟು ತಾಗಿದರೆ ಬಟ್ಟೆ ಬಟ್ಟೆ ಎಂದು ಅಳುತ್ತಿದ್ದ ಕೈ ಅದು. ಸವಿತಾ ಪಕ್ಕದಲ್ಲಿ ಬಗ್ಗಿ "ಕೈ ತೊಳ್ಕೋ ಪುಟ್ಟಿ, ಜನ ಕಾಯ್ತಿದಾರೆ" ಎನ್ನುತ್ತಿದ್ದರು.

"ಇನ್ನೂ ಮೊಸರನ್ನ ಆಗಿಲ್ಲಮ್ಮ" ಎಂದಳು ಮೈತ್ರಿ.

ಕೈ ತೊಳೆದರೆ ಊಟ ಮುಗಿದಂತೆ. ಆದ್ದರಿಂದ ಅವಳು ತೊಳೆಯುತ್ತಿಲ್ಲ. ನಾನು ಅಡುಗೆಮನೆಗೆ ಹೋಗಿ ಒಂದು ಎಲೆ, ಮೊಸರನ್ನ ತರುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಇಲ್ಲಿ ಅಲ್ಲ ಮಿಸ್. ಪಂಕ್ತೀಲಿ." ಪಂಕ್ತಿ ಎದ್ದು ಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಸವಿತಾ ಅವಳ ಕೈಯನ್ನು ತಾವೇ ನಲ್ಲಿಯ ಕೆಳಗೆ ಹಿಡಿದರು.

ನನಗೆ ಸಿಟ್ಟು ಬಂದದ್ದು ಯಾಕೆ ಎಂದು ಈಗ ಹೇಳುತ್ತೇನೆ. ಹೊತ್ತಾಯಿತು ಎಂಬ ಕಾರಣ ಕೊಟ್ಟರಲ್ಲ, ಅದಕ್ಕೆ. ಅದೇ ಮದುವೆಯಲ್ಲಿ ಬೆಳಿಗ್ಗೆ ಫೋಟೋಗ್ರಾಫರ್ "ಇನ್ನೊಂದ್ಸಲ ಸರ್" ಎಂದಾಗ ಮದುಮಗ ಹಾಕಿದ ಹಾರವನ್ನು ತೆಗೆದು ಮತ್ತೆ ಹಾಕಿದ. ಪುರೋಹಿತರು ಮಂತ್ರ ನಿಲ್ಲಿಸಿ ಕಾದರು. ಮಾತನಾಡಿಸಲು ಪುರುಸೊತ್ತಿಲ್ಲದ ನೆಂಟರೆಲ್ಲ ಗಿಫ್ಟ್ ಕವರ್ ಹಿಡಿದು ವೇದಿಕೆಯ ಪಕ್ಕ ಹನುಮಂತನ ಬಾಲದಂಥ ಸಾಲಿನಲ್ಲಿ ನಿಂತರು, ಒಂದು ಫೋಟೋಕ್ಕಾಗಿ. ಓಕಳಿಪುರಂ ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡಿ ತಪಸ್ಸು ಕೂರುವವರು ನಾವು. ರಜಾದಿನ ಬೆಳಿಗ್ಗೆ ಒಂದು ಬೆಣ್ಣೆ ದೋಸೆಗಾಗಿ ಫುಟ್‌ಪಾತಿನ ಮೇಲೆ ನಿಂತು, ಹೆಸರು ಕೂಗುವುದನ್ನು ಭಕ್ತಿಯಿಂದ ಕಾಯುವವರು ನಾವು. ನಮಗೆ ಟೈಮ್ ಇಲ್ಲವಾ? ಬೇಕಾದಷ್ಟಿದೆ. ಫೋಟೋಕ್ಕೆ ಇದೆ, ದೋಸೆಗೆ ಇದೆ. ಮಗುವಿನ ಒಂದು ತುತ್ತು ಮೊಸರನ್ನಕ್ಕೆ ಮಾತ್ರ ಇಲ್ಲ.

ಇದು ಒಂದು ಮದುವೆಯ ಕಥೆಯೂ ಅಲ್ಲ. ಇನ್ನೊಬ್ಬ ಹುಡುಗನನ್ನು ಎಸ್ಕಲೇಟರ್ ಹತ್ತುವ ಅಭ್ಯಾಸಕ್ಕೆ ಸಂಪಿಗೆ ರಸ್ತೆಯ ಮೆಟ್ರೋಗೆ ಕರೆದುಕೊಂಡು ಹೋಗುತ್ತೇನೆ. ಜನ ಕಡಿಮೆ ಇರುವ ಮಧ್ಯಾಹ್ನವನ್ನೇ ಆರಿಸಿಕೊಳ್ಳುತ್ತೇನೆ. ಅವನು ಚಲಿಸುವ ಮೆಟ್ಟಿಲನ್ನು ನೋಡುತ್ತಾ, ಉಸಿರು ಹಿಡಿದು, ಇನ್ನೇನು ಕಾಲಿಡಬೇಕು ಎನ್ನುವಾಗ ಹಿಂದಿನಿಂದ ಒಂದು ದನಿ ಬರುತ್ತದೆ, "ಎತ್ಕೊಂಡ್ಬಿಡಿ ಮೇಡಂ, ಈಸಿಯಾಗಿ ಆಗುತ್ತೆ." ಯಾರಿಗೆ ಈಸಿ? ಹುಡುಗನಿಗೆ ಹತ್ತು ವರ್ಷ. ಇವತ್ತು ಎತ್ತಿಕೊಳ್ಳುತ್ತೇನೆ. ಅವನಿಗೆ ಮೀಸೆ ಬಂದ ಮೇಲೆ ನೀವು ಬಂದು ಎತ್ತಿಕೊಳ್ಳುತ್ತೀರಾ?

ನಿಧಾನದ ಮಕ್ಕಳನ್ನು ಕೆಡಿಸುವುದು ಬೈಯುವವರಲ್ಲ. ಬೈಯುವವರ ಜೊತೆ ಜಗಳ ಆಡಬಹುದು. ಅಯ್ಯೋ ಪಾಪ ಎನ್ನುವವರ ಜೊತೆ ಏನು ಮಾಡುವುದು? ಅವರು ಬ್ಯಾಗು ಹೊರುತ್ತಾರೆ, ಶೂ ಲೇಸು ಕಟ್ಟುತ್ತಾರೆ, ಡ್ರಾಯಿಂಗಿಗೆ ಬಣ್ಣ ತುಂಬುತ್ತಾರೆ, ಮಗುವಿಗೆ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಾರೆ. ಆಮೇಲೆ ಇದಕ್ಕೆ ಏನೂ ಬರಲ್ಲ ಎಂದು ಕಣ್ಣೀರು ಹಾಕುತ್ತಾರೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ. ಇಲ್ಲಿ ಚಿವುಟಿದ್ದು ತಮಗೇ ಗೊತ್ತಿರುವುದಿಲ್ಲ.

ಸೋಮವಾರ ವಸುಧಾ ಅವರೇ ಫೋನ್ ಮಾಡಿದರು. ಸವಿತಾರಿಂದ ನಂಬರ್ ತೆಗೆದುಕೊಂಡಿದ್ದರು. ಮಲ್ಲೇಶ್ವರದಲ್ಲಿ ಅವರ ಮನೆ, ಮೂರು ಮಕ್ಕಳನ್ನು ಬೆಳೆಸಿದವರು, ಕೆಟ್ಟವರೇನಲ್ಲ. ದನಿಯಲ್ಲಿ ನೋವಿತ್ತು.

"ಅಷ್ಟು ಜನರ ಮುಂದೆ ನೀವು ನನ್ನ ಮೇಲೆ ಕೂಗಾಡಿದ್ರಿ. ನಾನು ಮಾಡಿದ್ದು ಅಂಥಾ ತಪ್ಪೇನಮ್ಮ?"

"ಕೂಗಿದ್ದಕ್ಕೆ ಬೇಜಾರಾಗಿದ್ರೆ ಕ್ಷಮಿಸಿ. ಎಲೆ ಮಡಚಿದ್ದು ತಪ್ಪೇ."

"ನೀವು ಎದುರಿಗೆ ಕೂತು ಮಗೂನೇ ನೋಡ್ತಿದ್ರಿ. ಹಿಂದೆ ನಿಂತೋರ ಮುಖ ನಾನು ನೋಡ್ದೆ. ಒಬ್ಳು ಮೂತಿ ತಿರುವ್ತಾಳೆ, ಒಬ್ಳು ಇನ್ನೊಬ್ಳ ಕಿವೀಲಿ ಏನೋ ಹೇಳಿ ನಗ್ತಾಳೆ. ನಮ್ಮ ಮಗೂನ ಹಾಗೆ ನೋಡೋದು ನಂಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ. ಬೇಗ ಅಲ್ಲಿಂದ ಎಬ್ಬಿಸಿದ್ರೆ ಸಾಕು ಅನ್ನಿಸ್ತು."

ಸಿಟ್ಟಿನಲ್ಲಿದ್ದ ನನಗೆ ಈ ಮಾತು ನಾಟಿತು. ಅವರು ಮೈತ್ರಿಯನ್ನು ಕಾಪಾಡಲೆಂದೇ ಎದ್ದು ಬಂದದ್ದು. ಆದರೆ ನೋಡಿ, ಕಾಪಾಡಲು ಬಂದವರು ಬಗ್ಗಿದ್ದು ಯಾರ ಕಡೆಗೆ? ನಕ್ಕವರು ಕುರ್ಚಿಯ ಹಿಂದೆ ಇದ್ದರು. ಕೈ ಮಾತ್ರ ಮಗುವಿನ ಎಲೆಗೆ ಹೋಯಿತು.

"ಆ ಮುಖಗಳಿಗೆ ನೀವು ಒಂದು ಮಾತು ಹೇಳಬಹುದಿತ್ತಲ್ಲ?" ಎಂದೆ.

"ಬಂದ ನೆಂಟರಿಗೆ ಹೇಗಮ್ಮ ಹೇಳಕ್ಕಾಗುತ್ತೆ?" ಎಂದರು. ನಿಜವಾಗಿ ಅಚ್ಚರಿಯಿಂದ ಕೇಳಿದರು. ಆಮೇಲೆ ದನಿ ಮೆತ್ತಗೆ ಮಾಡಿ, ಮುಂದಿನ ತಿಂಗಳು ತಮ್ಮ ಮೊಮ್ಮಗನ ನಾಮಕರಣ, ನಾನೂ ಬರಬೇಕು ಎಂದರು. "ಮೈತ್ರಿ ಬಗ್ಗೆ ಯೋಚನೆ ಮಾಡ್ಬೇಡಿ. ಅವಳಿಗೆ ರೂಮಲ್ಲೇ ವ್ಯವಸ್ಥೆ ಮಾಡಿಸ್ತೀನಿ. ಎಲೆ ಹಾಕ್ಸಿ, ಫ್ಯಾನ್ ಕೆಳಗೆ. ಎಷ್ಟು ಹೊತ್ತಾದ್ರೂ ಆಗ್ಲಿ, ಆರಾಮಾಗಿ ತಿನ್ಲಿ."

ಫ್ಯಾನ್ ಕೆಳಗೆ. ಇಷ್ಟು ಒಳ್ಳೆಯತನಕ್ಕೆ ಏನು ಉತ್ತರ ಕೊಡುತ್ತೀರಿ? ತಿಂಗಳುಗಟ್ಟಲೆ ನಾವಿಬ್ಬರು ಯಾವ ರೂಮಿನಿಂದ ಹೊರಗೆ ಬರಲು ಒದ್ದಾಡಿದೆವೋ ಅದೇ ರೂಮನ್ನು ಗುಡಿಸಿ, ರಂಗೋಲಿ ಹಾಕಿ ಮತ್ತೆ ಕೊಡುತ್ತಿದ್ದಾರೆ. ಪಂಕ್ತಿಯಲ್ಲೇ ಕೂರಿಸಿ ಎಂದೆ. "ನೋಡೋಣ ಬಿಡಿ" ಎಂದು ಫೋನ್ ಇಟ್ಟರು. ನಮ್ಮ ಕಡೆ 'ನೋಡೋಣ' ಎಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಬುಧವಾರ ಮೈತ್ರಿ ಕ್ಲಿನಿಕ್ಕಿಗೆ ಬಂದಳು. ಮನೆಯಲ್ಲಿ ಎರಡು ದಿನ ಅಜ್ಜಿ ತಿನ್ನಿಸಿದರೆ ಮಾತ್ರ 'ಆ' ಎಂದಿದ್ದಳಂತೆ. ಸವಿತಾ ಬಾಗಿಲಲ್ಲೇ ನಿಂತು, ಮಗಳಿಗೆ ಕೇಳದಂತೆ, "ಸ್ಪೂನ್ ಕಲಿಸ್ಬಿಡಿ ಮೇಡಂ. ಯಾರ ತಂಟೇನೂ ಇರಲ್ಲ" ಎಂದರು. ಬ್ಯಾಂಕಿನಲ್ಲಿ ಗಿರಾಕಿಗಳ ಎದುರು ಗಟ್ಟಿಯಾಗಿ ಮಾತಾಡುವ ಹೆಂಗಸು. ಅವರ ದನಿಯೇ ಇಳಿದುಹೋಗಿತ್ತು.

ನಾನು ಎಲೆ ಹಾಸಿದೆ. ಅನ್ನ ಬಡಿಸಿದೆ. ಮೈತ್ರಿ ಬಹಳ ಹೊತ್ತು ಎಲೆಯನ್ನು ನೋಡುತ್ತಾ ಕೂತಳು. ಆಮೇಲೆ ಗುಂಡಿ ತೋಡಿದಳು. "ಸಾಕು" ಎಂದಳು, ಮೆತ್ತಗೆ. ಕಲಸಿದಳು. ಆಗ ನೋಡಿದೆ, ಅವಳ ಎಡಗೈ ಮಡಿಲಲ್ಲಿರಲಿಲ್ಲ. ನಾನು ಹೇಳದೆಯೇ ಎಲೆಯ ಅಂಚಿಗೆ ಬಂದಿತ್ತು. ಬೆರಳಷ್ಟೇ ಅಲ್ಲ, ಇಡೀ ತೋಳು. ಪರೀಕ್ಷೆಯಲ್ಲಿ ಪಕ್ಕದವರು ಕಾಪಿ ಹೊಡೆಯದಂತೆ ಮಕ್ಕಳು ಉತ್ತರ ಪತ್ರಿಕೆಯನ್ನು ಅಡ್ಡಗಟ್ಟಿಕೊಳ್ಳುತ್ತಾರಲ್ಲ, ಹಾಗೆ ಎಲೆಯ ಸುತ್ತ ತೋಳು ಬಳಸಿ, ಅದರ ಮೇಲೆ ಬಗ್ಗಿ ಉಣ್ಣುತ್ತಿದ್ದಳು. ಎಲೆ ಒಂದು ಇಂಚೂ ಜಾರಲಿಲ್ಲ.

ಎಷ್ಟೋ ತಿಂಗಳು ನಾನು ಬೇಡಿಕೊಂಡರೂ ಬಾರದ ಎಡಗೈ ಅದು. ನಾನು ಕಲಿಸಿದಾಗ ಬರಲಿಲ್ಲ. ನಾವು ಕಿತ್ತುಕೊಂಡಾಗ ಬಂತು. ಇದನ್ನು ರಿಪೋರ್ಟಿನಲ್ಲಿ ಪ್ರಗತಿ ಎಂದು ಬರೆಯಬೇಕೇ? ಎಂಟು ವರ್ಷದ ಮಗು ತನ್ನ ಅನ್ನವನ್ನು ಸೋದರತ್ತೆಯ ಪ್ರೀತಿಯಿಂದ ತೋಳು ಅಡ್ಡ ಕೊಟ್ಟು ಉಳಿಸಿಕೊಳ್ಳಲು ಕಲಿತಿದ್ದಾಳೆ ಎಂದು ಬರೆದರೆ ಯಾವ ಸ್ಕೂಲಿನವರು ಓದುತ್ತಾರೆ? ಆ ಕಾಲಂ ಇನ್ನೂ ಖಾಲಿ ಬಿಟ್ಟಿದ್ದೇನೆ.

ಮೊಸರನ್ನ ಮುಗಿಯಿತು. ಅವಳು ಎಲೆ ಮಡಿಸಲಿಲ್ಲ. ತೋಳನ್ನು ಹಾಗೇ ಇಟ್ಟುಕೊಂಡು ಕೇಳಿದಳು.

"ವಸು ಅತ್ತೆ ಮನೆ ಫಂಕ್ಷನ್ನಲ್ಲೂ ಹಿಂದೆ ನಿಂತ್ಕೊಳ್ಳೋರು ಬರ್ತಾರಾ ಮಿಸ್?"

ಬರುತ್ತಾರೆ ಎಂದೆ. ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ರೂಮಿನಲ್ಲಿ ಎಲೆ ಹಾಕಿಸುತ್ತಾರಂತೆ, ಫ್ಯಾನ್ ಇರುತ್ತದಂತೆ, ಅಲ್ಲಿ ಯಾರೂ ನಿಲ್ಲುವುದಿಲ್ಲ ಎಂದೂ ಹೇಳಿದೆ. ಆರಿಸಿಕೊಳ್ಳುವುದು ಅವಳ ಹಕ್ಕು.

ಮೈತ್ರಿ ಕಿಟಕಿಯ ಕಡೆ ನೋಡುತ್ತಾ ಯೋಚಿಸಿದಳು. ಬಾಗಿಲ ಹತ್ತಿರ ಸವಿತಾ ಇನ್ನೂ ನಿಂತಿದ್ದರು.

"ಆದ್ರೂ ರೂಮಲ್ಲಿ ಬೇಡ" ಎಂದಳು.

ಸವಿತಾ ಮತ್ತೆ ಸ್ಪೂನಿನ ಮಾತು ಎತ್ತಲಿಲ್ಲ.

ಆದ್ದರಿಂದ ನಾನು ಆ ನಾಮಕರಣಕ್ಕೆ ಹೋಗುತ್ತಿದ್ದೇನೆ. ರೇಷ್ಮೆ ಸೀರೆ ಇಸ್ತ್ರಿಗೆ ಕೊಟ್ಟಾಗಿದೆ. ಈ ಸಲ ಊಟಕ್ಕೆ ಕೂರುವುದಿಲ್ಲ. ಮೈತ್ರಿಯ ಕುರ್ಚಿಯ ಹಿಂದೆ, ಅವಳ ಎಲೆಗೆ ಬೆನ್ನು ಹಾಕಿ, ಕಾಯುವವರ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಮೊಸರನ್ನ ಮುಗಿದು, ಅವಳ ಎಲೆಯನ್ನು ಅವಳೇ ಮಡಿಸುವವರೆಗೆ ನಿಂತಿರುತ್ತೇನೆ.

ಆ ಕುರ್ಚಿಗೆ ಕರ್ಚೀಫು ಹಾಕುವ ಧೈರ್ಯ ಯಾರಿಗಿದೆಯೋ, ಬನ್ನಿ.